ಕಡಲಿಗೆ ಕಟ್ಟಿದ ಬುತ್ತಿ

ಹೆದ್ದಾರಿಯಲ್ಲಿ ಮೋಟಾರಿನ ಪೆಟ್ರೋಲ್ ತೀರಿತೆಂದರೆ ಅದು ಹೆಚ್ಚೆಂದರೆ ನಗೆಪಾಟಲಿನ ಸಂಗತಿ. ಡಬ್ಬಿಯೊಂದನ್ನು ಹಿಡಿದು ಮೈಲಿಯೋ ಎರಡು ಮೈಲಿಯೋ ನಡೆದರೆ ಬಂಕು ಸಿಕ್ಕೇ ಸಿಗುತ್ತದೆ. ದಾರಿಹೋಕರ ಚೇಷ್ಟೆಯ ಮಾತನ್ನು ಎರಡು ಗಳಿಗೆ ಸಹಿಸಿಕೊಂಡರಾಯಿತು. ಕಡಲಿನ ನಡುವೆ ದೋಣಿಯ ಯಂತ್ರ ನಿಂತರೆ ಇಳಿದು ನಡೆಯುವ ಮಾತಿಲ್ಲ. ಓಡುತ್ತಿರುವಷ್ಟು ಹೊತ್ತು ಅಲೆಗಳಿಗೆ ಮುಖವೊಡ್ಡಿ ಧೀರನಂತೆ ಸಾಗುವ ದೋಣಿ, ಯಂತ್ರ ಮೌನವಾದ ಕ್ಷಣದಿಂದ ಗಾಳಿಯ ಕೈಗೊಂಬೆ. ಮೆಲ್ಲಗೆ ತಿರುಗಿ ತನ್ನ ಮಗ್ಗುಲನ್ನೇ ಅಲೆಗೊಡ್ಡಿ ನಿಲ್ಲುತ್ತದೆ. ಲಂಗರು ತಳವನ್ನು ಕಚ್ಚಿಕೊಂಡರೆ ಪುಣ್ಯ. ಕಚ್ಚದಿದ್ದರೆ ಮುಂದಿನದು ಗಾಳಿಯ ಚಿತ್ತ. ಆದ್ದರಿಂದ ದೂರದ ನೀರಿಗೆ ಹೊರಡುವವನು ಮನೆಯಿಂದ ತರುವ ಬುತ್ತಿಗಿಂತ ಮೊದಲು ಯಂತ್ರದ ಬುತ್ತಿಯನ್ನು ಕುರಿತು ಯೋಚಿಸಬೇಕಾಗುತ್ತದೆ. ತೊಡಕಿರುವುದೂ ಇಲ್ಲಿಯೇ. ಯಾವ ವಸ್ತು ಅವನನ್ನು ದಡಕ್ಕೆ ಮರಳಿ ತರಬೇಕೋ ಅದೇ ವಸ್ತು, ಒಂದು ಕಿಡಿ ಸೋಂಕಿದರೆ, ಅವನನ್ನು ದೋಣಿಯೊಡನೆ ಸುಟ್ಟು ಹಾಕಬಲ್ಲುದು.

ಈ ತೊಡಕನ್ನು ಪ್ರತಿ ಋತುವಿನಲ್ಲಿಯೂ ಎದುರಿಸುವವರು ಅಮೆರಿಕದ ಫ್ಲಾರಿಡಾ ಸಂಸ್ಥಾನದ ಪಶ್ಚಿಮ ತೀರದ ಹವ್ಯಾಸಿ ಗಾಳಗಾರರು. ಟ್ಯಾಂಪಾ, ಕ್ಲಿಯರ್‌ವಾಟರ್, ಟಾರ್ಪನ್ ಸ್ಪ್ರಿಂಗ್ಸ್ ಮೊದಲಾದ ಊರುಗಳಿಂದ ಶನಿವಾರ ನಸುಕಿನಲ್ಲಿಯೇ ಸಣ್ಣ ದೋಣಿಗಳು ಮೆಕ್ಸಿಕೋ ಕೊಲ್ಲಿಯತ್ತ ಮುಖಮಾಡಿ ಹೊರಡುತ್ತವೆ. (ಟಾರ್ಪನ್ ಸ್ಪ್ರಿಂಗ್ಸ್ ಎಂಬುದು ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಗ್ರೀಸ್ ದೇಶದಿಂದ ಬಂದ ಮುಳುಗುಗಾರರು ಕಡಲಿನ ತಳದ ಸ್ಪಂಜನ್ನು ಕಿತ್ತು ಬದುಕು ಕಟ್ಟಿಕೊಂಡ ಊರು, ಅಲ್ಲಿನ ಬೀದಿಗಳಲ್ಲಿ ಇಂದಿಗೂ ಗ್ರೀಕ್ ಮಾತು ಕಿವಿಗೆ ಬೀಳುತ್ತದೆ.) ಅಲ್ಲಿಯ ಕಡಲಿಗೆ ಒಂದು ವಿಚಿತ್ರ ಗುಣವಿದೆ. ದಡವನ್ನು ಬಿಟ್ಟು ಗಂಟೆಗಟ್ಟಲೆ ಹೋದರೂ ನೀರು ಬೇಗ ಆಳವಾಗುವುದಿಲ್ಲ. ಭೂಖಂಡದ ಅಂಚು ನೀರಿನೊಳಗೆ ವಿಶಾಲವಾದ ಜಗಲಿಯಂತೆ ಹರಡಿಕೊಂಡಿದೆ. ಗ್ರೂಪರ್, ಸ್ನ್ಯಾಪರ್ ಮೊದಲಾದ ರುಚಿಯಾದ ಮೀನುಗಳು ಆಳದ ಬಂಡೆಗಳನ್ನು ಅರಸುವುವಾದ್ದರಿಂದ ಅವುಗಳನ್ನು ಅರಸುವವನೂ ದೂರ ಹೋಗಲೇಬೇಕು. ಗಾಳಗಾರರ ಬಾಯಲ್ಲಿ ತೀರ್ಥಕ್ಷೇತ್ರದಂತೆ ನಲಿಯುವ ‘ಮಿಡಲ್ ಗ್ರೌಂಡ್ಸ್’ ಎಂಬ ಬಂಡೆಗಳ ಪ್ರದೇಶ ಟಾರ್ಪನ್ ಸ್ಪ್ರಿಂಗ್ಸಿನಿಂದ ವಾಯವ್ಯಕ್ಕೆ ಸುಮಾರು 130 ಕಿಲೋಮೀಟರ್ ದೂರದಲ್ಲಿದೆ. ಅಲ್ಲಿ ನಿಂತು ನೋಡಿದರೆ ಸುತ್ತ ಎಲ್ಲಿಯೂ ನೆಲವಿಲ್ಲ.

ಈಗ ಲೆಕ್ಕವನ್ನು ನೋಡೋಣ. ಇಪ್ಪತ್ತೆರಡು ಅಡಿಯ ದೋಣಿ, ಹಿಂಬದಿಯಲ್ಲಿ ತೂಗುವ 200 ಅಶ್ವಶಕ್ತಿಯ ಯಂತ್ರ, ಮೂವರು ಗೆಳೆಯರು, ಮಂಜಿನ ಪೆಟ್ಟಿಗೆ, ಸಾಮಾನು. ಇಷ್ಟನ್ನು ಹೊತ್ತು ಸಾಗುವಾಗ ಒಂದು ಲೀಟರ್ ಪೆಟ್ರೋಲಿಗೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ದಾರಿ ಸವೆದರೆ ಅದನ್ನು ಸಾಧಾರಣವೆನ್ನಬೇಕು. ಹೋಗಿಬರಲು 260 ಲೀಟರ್, ಬಂಡೆಯಿಂದ ಬಂಡೆಗೆ ಅಲೆಯಲು ಇನ್ನೊಂದು 40, ಒಟ್ಟು 300. ಇಂಥ ದೋಣಿಯ ಒಳತೊಟ್ಟಿ ಹಿಡಿಸುವುದೂ ಅನೇಕ ವೇಳೆ ಅಷ್ಟೇ. ಹಾಗಾದರೆ ಸರಿಹೋಯಿತಲ್ಲ ಎನ್ನುವವನು ಕಡಲನ್ನು ಕಂಡವನಲ್ಲ. ಮರಳುವಾಗ ಎದುರುಗಾಳಿ ಬೀಸಿದರೆ, ಅಲೆ ಎದ್ದು ದೋಣಿ ಏಳುತ್ತ ಬೀಳುತ್ತ ನಡೆಯಬೇಕಾಗಿ ಬಂದರೆ, ಅದೇ ದಾರಿಗೆ ಅದೇ ಇಂಧನ ಸಾಲುವುದಿಲ್ಲ. ಆದ್ದರಿಂದಲೇ ಅಮೆರಿಕದ ದೋಣಿಗಾರರಲ್ಲಿ ಮೂರು ಪಾಲಿನ ಸೂತ್ರವೊಂದು ಬಳಕೆಯಲ್ಲಿದೆ: ಒಂದು ಪಾಲು ಹೋಗಲಿಕ್ಕೆ, ಒಂದು ಪಾಲು ಬರಲಿಕ್ಕೆ, ಮೂರನೆಯ ಪಾಲು ದೈವಕ್ಕೆ. ಈ ಸೂತ್ರದಂತೆ 300 ಲೀಟರಿನ ಪಯಣಕ್ಕೆ 450 ಲೀಟರ್ ಬೇಕು. ಕೊರತೆ ಬಿದ್ದ 150 ಲೀಟರಿಗೆ ಐದು ಗ್ಯಾಲನ್ನಿನ, ಅಂದರೆ ಸುಮಾರು 19 ಲೀಟರಿನ, ಎಂಟು ಡಬ್ಬಿಗಳು. ಎಂಟು ಡಬ್ಬಿಗಳು ಎಂದು ಬಾಯಲ್ಲಿ ಹೇಳುವುದು ಸುಲಭ. ಅವನ್ನು ಹೇಗೆ ತುಂಬಬೇಕು, ಎಲ್ಲಿ ಇಡಬೇಕು, ಅಲೆಯ ಮೇಲೆ ಹೇಗೆ ಬಗ್ಗಿಸಬೇಕು ಎಂಬುದೇ ಈ ಬರಹದ ವಿಷಯ.

ಅದಕ್ಕೆ ಮೊದಲು ಒಂದು ಮಾತು. ಎಲ್ಲಕ್ಕಿಂತ ಕ್ಷೇಮವಾದ ಹೆಚ್ಚುವರಿ ಇಂಧನವೆಂದರೆ ಖರ್ಚು ಮಾಡದೆ ಉಳಿಸಿದ ಇಂಧನ. 200 ಅಶ್ವಶಕ್ತಿಯ ಯಂತ್ರವನ್ನು ಪೂರ್ಣ ವೇಗದಲ್ಲಿ ಬಿಟ್ಟರೆ ಅದು ಗಂಟೆಗೆ ಸುಮಾರು 75 ಲೀಟರ್ ಕುಡಿಯುತ್ತದೆ. ಮಿತವಾದ ವೇಗಕ್ಕಿಳಿಸಿದರೆ ಅದರ ಅರ್ಧದಷ್ಟಕ್ಕೇ ತೃಪ್ತಿಪಡುತ್ತದೆ, ದಾರಿಯೇನೂ ಅರ್ಧಕ್ಕಿಳಿಯುವುದಿಲ್ಲ. ನಸುಕಿನ ಉತ್ಸಾಹದಲ್ಲಿ ಹಿಡಿಯನ್ನು ಮುಂದಕ್ಕೆ ತಳ್ಳಿ ಅರ್ಧ ಗಂಟೆ ಮೊದಲೇ ಬಂಡೆಯನ್ನು ಮುಟ್ಟಿದವನು ಸಂಜೆ ಆ ಅರ್ಧ ಗಂಟೆಯ ಬೆಲೆಯನ್ನು ಡಬ್ಬಿಗಳ ಲೆಕ್ಕದಲ್ಲಿ ತೆರುತ್ತಾನೆ. ಹಾಗೆಯೇ, ಪ್ರತಿ ಪಯಣಕ್ಕೂ ಎಂಟು ಡಬ್ಬಿ ಬೇಕಾಗುವ ದೋಣಿ ಆ ಪಯಣಕ್ಕೆ ಚಿಕ್ಕದೆಂದೇ ತಿಳಿಯಬೇಕು. ಆದರೆ ಈ ಮಾತನ್ನು ಗಾಳಗಾರನ ಕಿವಿಗೆ ಹಾಕುವುದು ಕಷ್ಟ.

ಪೆಟ್ರೋಲ್ ಉರಿಯುತ್ತದೆ ಎಂಬುದು ಮಕ್ಕಳಿಗೂ ಗೊತ್ತು. ನಿಜವಾಗಿ ನೋಡಿದರೆ ದ್ರವರೂಪದ ಪೆಟ್ರೋಲ್ ಉರಿಯುವುದಿಲ್ಲ. ಉರಿಯುವುದು ಅದರ ಆವಿ. ಸೊನ್ನೆಗಿಂತ 40 ಡಿಗ್ರಿ ಸೆಂಟಿಗ್ರೇಡಿನಷ್ಟು ಕೆಳಗಿನ ಕಡುಚಳಿಯಲ್ಲಿಯೂ ಹೊತ್ತಿಕೊಳ್ಳುವಷ್ಟು ಆವಿಯನ್ನು ಅದು ಸೂಸುತ್ತಲೇ ಇರುತ್ತದೆ. ಫ್ಲಾರಿಡಾದ ಬಿಸಿಲಿನಲ್ಲಿ ಹೇಳುವುದೇನು? ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅಡುಗೆಮನೆಯ ಹೊಗೆಯಂತೆ ಮೇಲಕ್ಕೇರಿ ಚದುರಿ ಹೋಗುವುದು ಅದರ ಸ್ವಭಾವವಲ್ಲ. ನೀರಿನಂತೆ ಕೆಳಕ್ಕೆ ಹರಿದು ತಗ್ಗನ್ನು ಹುಡುಕಿಕೊಂಡು ಹೋಗಿ ಅಲ್ಲಿ ಮಡುಗಟ್ಟಿ ನಿಲ್ಲುತ್ತದೆ. ದೋಣಿಯಲ್ಲಿ ಎಲ್ಲಕ್ಕಿಂತ ತಗ್ಗಾದ ಸ್ಥಳ ಹಲಗೆಯ ಕೆಳಗಿನ ತಳಗುಳಿ. ಬ್ಯಾಟರಿಯ ತಂತಿಗಳು, ನೀರನ್ನು ಹೊರಚೆಲ್ಲುವ ಪಂಪು, ಅದನ್ನು ತಾನಾಗಿ ನಡೆಸುವ ಸ್ವಿಚ್ಚು, ಹೀಗೆ ಕಿಡಿ ಹುಟ್ಟಬಹುದಾದ ಸಾಮಗ್ರಿಗಳೆಲ್ಲ ಅನೇಕ ದೋಣಿಗಳಲ್ಲಿ ಇರುವುದೂ ಅಲ್ಲಿಯೇ. ರಸ್ತೆಯ ಮೇಲಿನ ಮೋಟಾರಿನಲ್ಲಿ ಸೋರಿದ ಪೆಟ್ರೋಲ್ ನೆಲಕ್ಕೆ ಬಿದ್ದು ಗಾಳಿಗೆ ಹಾರಿ ಹೋಗುತ್ತದೆ. ದೋಣಿಯಾದರೋ ಒಂದು ಬಟ್ಟಲು. ನೀರನ್ನು ಒಳಗೆ ಬಿಡದಿರುವುದಕ್ಕೆಂದೇ ಕಟ್ಟಿದ ಈ ಬಟ್ಟಲು ಆವಿಯನ್ನು ಹೊರಗೂ ಬಿಡುವುದಿಲ್ಲ.

ಎಷ್ಟು ಆವಿ ಸಾಕು? ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲಿಗಿಂತ ಸ್ವಲ್ಪ ಕಡಿಮೆ ಬೆರೆತರೂ ಅದು ಸಿಡಿಯಬಲ್ಲ ಮಿಶ್ರಣ. ಒಂದು ಸಣ್ಣ ಕಾಫಿಲೋಟದಷ್ಟು, ಅಂದರೆ 100 ಮಿಲಿಲೀಟರ್ ಪೆಟ್ರೋಲ್ ಚೆಲ್ಲಿ ಪೂರ್ತಿ ಆವಿಯಾದರೆ ಒಂದು ಘನ ಮೀಟರಿಗೂ ಮಿಕ್ಕ ಗಾಳಿಯನ್ನು ಆ ಸ್ಥಿತಿಗೆ ತರಬಲ್ಲುದು. ಸಣ್ಣ ದೋಣಿಯ ತಳಗುಳಿಗೆ ಅಷ್ಟು ಧಾರಾಳವಾಗಿ ಸಾಕು. ಇನ್ನು ಅದರ ಶಕ್ತಿಯೋ! ಒಂದು ಲೀಟರ್ ಪೆಟ್ರೋಲಿನ ಶಾಖವೆಲ್ಲವನ್ನೂ ಹಿಡಿದಿಡಬಹುದಾದರೆ ನೂರು ಲೀಟರ್ ತಣ್ಣೀರನ್ನು ಕುದಿಸಬಹುದು. ಎಂಟು ಡಬ್ಬಿಗಳೆಂದರೆ ಎಷ್ಟಾಯಿತೆಂಬುದನ್ನು ಓದುಗರೇ ಗುಣಿಸಿಕೊಳ್ಳಲಿ.

ನಮ್ಮ ಕರಾವಳಿಯಲ್ಲಿ ಹೊರಯಂತ್ರ ಕಟ್ಟಿದ ನಾಡದೋಣಿಗಳ ಕಥೆ ಇದಕ್ಕಿಂತ ಸ್ವಲ್ಪ ಬೇರೆ. ಅಲ್ಲಿಯ ಬೆಸ್ತರು ಯಂತ್ರವನ್ನು ಪೆಟ್ರೋಲಿನಿಂದ ಎಬ್ಬಿಸಿ, ಅದು ಕಾವೇರಿದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ ಓಡಿಸುವುದು ರೂಢಿ. ಸೀಮೆಎಣ್ಣೆ ಹೊತ್ತಿಕೊಳ್ಳಬೇಕಾದರೆ ಮೊದಲು ಅದು 38 ಡಿಗ್ರಿಯಷ್ಟಾದರೂ ಬಿಸಿಯಾಗಬೇಕು. ಆದ್ದರಿಂದ ಅದರ ಡಬ್ಬಿಗೆ ಪೆಟ್ರೋಲಿನ ಡಬ್ಬಿಯಷ್ಟು ಮುಂಗೋಪವಿಲ್ಲ. ಆದರೆ ಎಬ್ಬಿಸುವುದಕ್ಕೆಂದು ಇಟ್ಟುಕೊಂಡ ಆ ಪುಟ್ಟ ಪೆಟ್ರೋಲ್ ಡಬ್ಬಿಗೆ ಮೇಲೆ ಹೇಳಿದ ಪ್ರತಿಯೊಂದು ಮಾತೂ ಅನ್ವಯಿಸುತ್ತದೆ. ಕಾವೇರಿಯಲ್ಲಿ ಹರಿಗೋಲಿನಲ್ಲಿ ಕುಳಿತು ಮಾಹಶೀರ್ ಮೀನಿಗೆ ಗಾಳವಿಕ್ಕಿದ ಹಿಂದಿನವರಿಗೆ ಈ ಚಿಂತೆ ಯಾವುದೂ ಇರಲಿಲ್ಲ. ಅವರ ಇಂಧನ ಅಂಬಿಗನ ಹೊಟ್ಟೆಯಲ್ಲಿತ್ತು.

ಡಬ್ಬಿಯ ವಿಷಯ. ಇಂಧನ ಕೆಟ್ಟದ್ದೆಂದು ದೂರುವವರು ಅದನ್ನು ಹಿಡಿದಿಡುವ ಪಾತ್ರೆಯ ಕಡೆಗೆ ಲಕ್ಷ್ಯ ಕೊಡುವುದು ಅಪರೂಪ. ಪಾತ್ರೆಯ ಮಹಿಮೆಯನ್ನು ಜಗತ್ತಿಗೆ ಕಲಿಸಿದ್ದು ಎರಡನೆಯ ಮಹಾಯುದ್ಧ. ಉತ್ತರ ಆಫ್ರಿಕದ ಮರಳುಗಾಡಿನಲ್ಲಿ ಬ್ರಿಟಿಷ್ ಸೈನ್ಯ ತನ್ನ ಪೆಟ್ರೋಲನ್ನು ತೆಳುತಗಡಿನ ಡಬ್ಬಿಗಳಲ್ಲಿ ಸಾಗಿಸುತ್ತಿತ್ತು. ಲಾರಿಯ ಕುಲುಕಾಟಕ್ಕೆ ಅವುಗಳ ಬೆಸುಗೆ ಬಿಟ್ಟು, ಹೊರಟ ಇಂಧನದಲ್ಲಿ ದೊಡ್ಡ ಪಾಲು ದಾರಿಯ ಮರಳಿಗೇ ಸಲ್ಲುತ್ತಿತ್ತು. ಎದುರಾಳಿ ಜರ್ಮನರ ಬಳಿ ಇದ್ದುದು 1937ರಲ್ಲಿ ರೂಪುಗೊಂಡ 20 ಲೀಟರಿನ ಉಕ್ಕಿನ ಡಬ್ಬಿ. ಒತ್ತಿ ತೆಗೆದ ಎರಡು ಅರ್ಧಗಳನ್ನು ಒಂದೇ ಬೆಸುಗೆಯಿಂದ ಕೂಡಿಸಿದ್ದರು. ತಲೆಯ ಮೇಲೆ ಮೂರು ಹಿಡಿಗಳು: ಒಬ್ಬನೇ ನಡುವಣ ಹಿಡಿಯನ್ನು ಹಿಡಿದು ಹೊರಬಹುದು, ಇಬ್ಬರು ಅಕ್ಕಪಕ್ಕದ ಹಿಡಿಗಳನ್ನು ಹಿಡಿದು ಹಂಚಿಕೊಳ್ಳಬಹುದು, ಖಾಲಿಯಾಗಿದ್ದರೆ ಒಂದೊಂದು ಕೈಯಲ್ಲಿ ಎರಡೆರಡನ್ನು ತೂಗಿಸಿಕೊಂಡು ಹೋಗಬಹುದು. ಪಕ್ಕದ ಉಬ್ಬುತಗ್ಗುಗಳು ಇಂಧನ ಹಿಗ್ಗಿದಾಗ ಡಬ್ಬಿ ಒಡೆಯದಂತೆ ಕಾಯುತ್ತಿದ್ದುವು. ಹಿಡಿಯ ಕೆಳಗೆ ಗಾಳಿಗೆಂದು ಬಿಟ್ಟ ಒಂದು ಪೊಳ್ಳು. ಮುಚ್ಚಳಕ್ಕೆ ಒತ್ತಿ ಬಿಗಿಯುವ ಸನ್ನೆ. ಬಾಯೊಳಗೆ ಗಾಳಿಯಾಡುವ ಕೊಳವೆ, ಬಗ್ಗಿಸಿದರೆ ಗಳಗಳನೆ ಉಗುಳದೆ ಎಣ್ಣೆಯಂತೆ ಧಾರೆಯಾಗಿ ಇಳಿಯುತ್ತಿತ್ತು. ಜರ್ಮನರನ್ನು ಬ್ರಿಟಿಷ್ ಸಿಪಾಯಿಗಳು ‘ಜೆರ್ರಿ’ ಎಂದು ಹಂಗಿಸುತ್ತಿದ್ದರು. ಡಬ್ಬಿ ಕೈಗೆ ಸಿಕ್ಕಮೇಲೆ ಹಂಗಿಸುವುದನ್ನು ನಿಲ್ಲಿಸಲಿಲ್ಲ, ಡಬ್ಬಿಯನ್ನು ಬಿಡಲೂ ಇಲ್ಲ. ‘ಜೆರ್ರಿ ಕ್ಯಾನ್’ ಎಂಬ ಹೆಸರು ಹುಟ್ಟಿದ್ದು ಹೀಗೆ.

ಈ ಡಬ್ಬಿಯ ಚರಿತ್ರೆಯಲ್ಲಿ ಹಿಂದೂಸ್ಥಾನಕ್ಕೂ ಒಂದು ಪಾತ್ರವುಂಟು. 1939ರಲ್ಲಿ ಬರ್ಲಿನ್ನಿನಲ್ಲಿದ್ದ ಪಾಲ್ ಪ್ಲೈಸ್ ಎಂಬ ಅಮೆರಿಕನ್ ಎಂಜಿನಿಯರು ತನ್ನ ಜರ್ಮನ್ ಸಹೋದ್ಯೋಗಿಯೊಡನೆ ಮೋಟಾರಿನಲ್ಲಿಯೇ ಭಾರತಕ್ಕೆ ಹೊರಟನೆಂದೂ, ದಾರಿಗೆ ನೀರು ತುಂಬಿಕೊಳ್ಳಲು ಪಾತ್ರೆಯಿಲ್ಲವೆಂದು ಆ ಜರ್ಮನನು ವಿಮಾನನಿಲ್ದಾಣದ ದಾಸ್ತಾನಿನಿಂದ ಇಂಥ ಮೂರು ಡಬ್ಬಿಗಳನ್ನು ತಂದನೆಂದೂ ಹೇಳುತ್ತಾರೆ. ಆಗ ಅದು ಜರ್ಮನ್ ಸೈನ್ಯದ ಗುಟ್ಟು. ನಡುದಾರಿಯಲ್ಲಿ ಆ ಸಹೋದ್ಯೋಗಿಯನ್ನು ವಿಮಾನ ಕಳುಹಿಸಿ ಹಿಂದಕ್ಕೆ ಕರೆಸಿಕೊಂಡರಂತೆ. ಆದರೆ ಹೊರಡುವ ಮೊದಲು ಅವನು ಡಬ್ಬಿಯ ಅಳತೆ ವಿವರಗಳನ್ನೆಲ್ಲ ಗೆಳೆಯನಿಗೆ ಹೇಳಿದ್ದನು. ಪ್ಲೈಸನು ಒಬ್ಬನೇ ಕಲ್ಕತ್ತೆಯವರೆಗೆ ಬಂದು, ಕಾರನ್ನೂ ಡಬ್ಬಿಗಳನ್ನೂ ಅಲ್ಲಿಯೇ ಇರಿಸಿ ಅಮೆರಿಕಕ್ಕೆ ಮರಳಿದನು. ಅಲ್ಲಿಯ ಸೈನ್ಯಾಧಿಕಾರಿಗಳಿಗೆ ಹೇಳಿದರೆ ಅವರು ಮೊದಮೊದಲು ಕಿವಿಗೊಡಲಿಲ್ಲ. ಯುರೋಪಿನ ಯುದ್ಧಭೂಮಿಗೆ ಬೇಕಾಗಿದ್ದ ವಿದ್ಯೆ ಕೆಲವು ತಿಂಗಳ ಕಾಲ ಕಲ್ಕತ್ತೆಯಲ್ಲಿ ಧೂಳು ತಿನ್ನುತ್ತ ಕುಳಿತಿತ್ತೆಂದರೆ ಯಾರಿಗಾದರೂ ನಗೆ ಬಾರದೆ?

ಇಂದಿನ ಗಾಳಗಾರನ ಡಬ್ಬಿ ಬಹುಮಟ್ಟಿಗೆ ಪ್ಲಾಸ್ಟಿಕ್ಕಿನದು. ಉಪ್ಪುನೀರಿಗೆ ತುಕ್ಕು ಹಿಡಿಯದು. ಅಮೆರಿಕದಲ್ಲಿ ಪೆಟ್ರೋಲಿಗೆ ಕೆಂಪು, ಡೀಸೆಲಿಗೆ ಹಳದಿ, ಸೀಮೆಎಣ್ಣೆಗೆ ನೀಲಿ ಎಂಬ ಬಣ್ಣದ ಕಟ್ಟಳೆಯಿದೆ. ಅವಸರದ ಕೈ ಒಂದಕ್ಕೆ ಬದಲು ಇನ್ನೊಂದನ್ನು ಸುರಿಯದಿರಲೆಂಬುದೇ ಅದರ ಉದ್ದೇಶ. 2020ರ ಡಿಸೆಂಬರಿನಲ್ಲಿ ಅಲ್ಲಿ ಶಾಸನವೊಂದು ಜಾರಿಗೆ ಬಂದು, 2023ರ ಜುಲೈಯಿಂದ ತಯಾರಾಗುವ ಇಂಧನದ ಡಬ್ಬಿಗಳಿಗೆ ಹೊರಗಿನ ಜ್ವಾಲೆ ಒಳಕ್ಕೆ ನುಗ್ಗದಂತೆ ತಡೆಯುವ ಸಾಧನವಿರಬೇಕೆಂದು ವಿಧಿಸಿತು. ನೋಡುವುದಕ್ಕೆ ಬಾಯೊಳಗಿನ ಒಂದು ಸಣ್ಣ ಜಾಲರಿ. 1815ರಲ್ಲಿ ಹಂಫ್ರಿ ಡೇವಿ ಗಣಿಗಾರರ ದೀಪಕ್ಕೆ ಅಳವಡಿಸಿದ ತತ್ತ್ವವೇ ಇದು: ಸಣ್ಣ ಸಣ್ಣ ರಂಧ್ರಗಳ ಮೂಲಕ ಹಾಯುವಾಗ ಜ್ವಾಲೆ ತನ್ನ ಶಾಖವನ್ನು ಲೋಹಕ್ಕೊಪ್ಪಿಸಿ ಆರಿಹೋಗುತ್ತದೆ. ಸುರಿಯುವಾಗ ಅಡ್ಡಿಯಾಗುತ್ತದೆಂದು ಈ ಜಾಲರಿಯನ್ನು ಕಿತ್ತೆಸೆಯುವ ಜಾಣರೂ ಇದ್ದಾರೆ. ಹಾಲಿನ ಕ್ಯಾನು, ಹಣ್ಣಿನ ರಸದ ಸೀಸೆ, ನೀರಿನ ಬಾಟಲಿ ಇವುಗಳಲ್ಲಿ ಪೆಟ್ರೋಲ್ ತುಂಬುವವರ ಮಾತನ್ನಂತೂ ಆಡುವುದೇ ಬೇಡ.

ಡಬ್ಬಿಯನ್ನು ದೋಣಿಯೊಳಗೆ ಇಟ್ಟುಕೊಂಡು ತುಂಬುವುದು ನಿಷಿದ್ಧ. ದಡದ ಮೇಲಾಗಲಿ ಕಟ್ಟೆಯ ಮೇಲಾಗಲಿ ಇಳಿಸಿ ನೆಲದ ಮೇಲಿಟ್ಟೇ ತುಂಬಬೇಕು. ಕಾರಣ ಎರಡು. ಚೆಲ್ಲಿದರೆ ದೋಣಿಯೊಳಗೆ ಚೆಲ್ಲಬಾರದೆಂಬುದು ಒಂದು. ಇನ್ನೊಂದು ಕಣ್ಣಿಗೆ ಕಾಣದ್ದು. ಕೊಳವೆಯಲ್ಲಿ ರಭಸವಾಗಿ ಹರಿಯುವ ಪೆಟ್ರೋಲ್, ಕೂದಲನ್ನು ಬಾಚುವ ಬಾಚಣಿಗೆಯಂತೆ, ಸ್ಥಿರ ವಿದ್ಯುತ್ತನ್ನು ಹುಟ್ಟಿಸುತ್ತದೆ. ಡಬ್ಬಿ ನೆಲದ ಮೇಲಿದ್ದರೆ ಆ ವಿದ್ಯುತ್ತು ನೆಲಕ್ಕಿಳಿದು ಹೋಗುತ್ತದೆ. ನಾರುಗಾಜಿನ ದೋಣಿಯ ಮೇಲೋ, ಪ್ಲಾಸ್ಟಿಕ್ ಹಾಸಿದ ಲಾರಿಯ ಮೇಲೋ, ಜಮಖಾನೆಯ ಮೇಲೋ ಇದ್ದರೆ ಇಳಿಯಲು ದಾರಿಯಿಲ್ಲದೆ ಕೂಡಿಕೊಳ್ಳುತ್ತ ಹೋಗಿ, ಕೊಳವೆಯ ತುದಿಗೂ ಡಬ್ಬಿಯ ಬಾಯಿಗೂ ನಡುವೆ ಕಿಡಿಯಾಗಿ ನೆಗೆಯುತ್ತದೆ. ಪಂಪಿನ ಬಳಿ ಗೂಡ್ಸ್ ಗಾಡಿಯಲ್ಲಿಯೇ ಡಬ್ಬಿಯನ್ನಿಟ್ಟು ತುಂಬಲು ಹೋಗಿ ಸುಟ್ಟುಕೊಂಡವರು ಅಮೆರಿಕದಲ್ಲಿ ಹಲವರು. ತುಂಬುವಷ್ಟು ಹೊತ್ತೂ ಕೊಳವೆಯ ಲೋಹದ ಮೂತಿ ಡಬ್ಬಿಯ ಬಾಯಿಗೆ ತಗುಲಿಕೊಂಡೇ ಇರಬೇಕು ಎಂಬ ನಿಯಮದ ಗುಟ್ಟೂ ಇದೇ.

ಕಂಠಪೂರ್ತಿ ತುಂಬುವುದೂ ತಪ್ಪು. ದುಡ್ಡು ಕೊಟ್ಟವನಿಗೆ ತುಳುಕುವಷ್ಟು ತುಂಬಿಸಿಕೊಳ್ಳುವ ಆಸೆ ಸಹಜವೇ. ಆದರೆ ನೆಲದೊಳಗಿನ ತೊಟ್ಟಿಯಿಂದ ತಂಪಾಗಿ ಬಂದ ಪೆಟ್ರೋಲ್ ಮಧ್ಯಾಹ್ನದ ಬಿಸಿಲಿಗೆ ಹಿಗ್ಗುತ್ತದೆ. 20 ಡಿಗ್ರಿಯಿಂದ 45 ಡಿಗ್ರಿಗೆ ಕಾದರೆ 19 ಲೀಟರಿನ ಡಬ್ಬಿಯಲ್ಲಿ ಹತ್ತಿರ ಹತ್ತಿರ ಅರ್ಧ ಲೀಟರ್ ಹೆಚ್ಚುತ್ತದೆ. ಅದಕ್ಕೆ ಡಬ್ಬಿಯೊಳಗೆ ಜಾಗವಿಲ್ಲದಿದ್ದರೆ ಹೊರಗೆ ಹುಡುಕಿಕೊಳ್ಳುತ್ತದೆ. ನೂರಕ್ಕೆ ಐದು ಪಾಲಿನಷ್ಟು ಖಾಲಿ ಬಿಡುವುದು ವಾಡಿಕೆ.

ಇಡುವ ಸ್ಥಳದಲ್ಲಿಯೇ ಹೆಚ್ಚಿನ ಅನರ್ಥಗಳು ಹುಟ್ಟುವುದು. ಡಬ್ಬಿಗಳು ಕಾಲಿಗೆ ತೊಡರುತ್ತವೆಂದು ಆಸನದ ಕೆಳಗಿನ ಪೆಟ್ಟಿಗೆಯಲ್ಲಿಯೋ ಮುಂಭಾಗದ ಗೂಡಿನಲ್ಲಿಯೋ ಅಡಗಿಸಿ ಬಾಗಿಲು ಹಾಕುವುದು ಅನೇಕರ ಅಭ್ಯಾಸ. ಕಣ್ಣಿಗೆ ಮರೆಯಾದ ಡಬ್ಬಿ ಸೋರಿದರೂ ತಿಳಿಯದು. ಆವಿ ಅಲ್ಲಿಂದ ಜಾರಿ ತಳಗುಳಿ ಸೇರುತ್ತದೆ. ಅವು ಬಯಲಿನಲ್ಲಿಯೇ, ಗಾಳಿಯಾಡುವ ಕಡೆಯಲ್ಲಿಯೇ ಇರಬೇಕು. ಮೇಲೆ ನೆರಳು ಬೇಕು, ಆದರೆ ಸುತ್ತ ಬಿಗಿಯಾದ ಹೊದಿಕೆ ಕೂಡದು. ಬ್ಯಾಟರಿ, ಒಲೆ, ಸಿಗರೇಟು ಸೇದುವ ಗೆಳೆಯ ಈ ಮೂವರಿಂದ ದೂರವಿರಬೇಕು. ಸೋರಿದರೆ ಹನಿ ಹಲಗೆಯ ಮೇಲಿನಿಂದ ನೇರವಾಗಿ ಹೊರಕ್ಕೆ ಹರಿಯುವಂತಿರಬೇಕೇ ಹೊರತು ಒಳಕ್ಕಲ್ಲ. ಪ್ರತಿ ಡಬ್ಬಿಯನ್ನೂ ಪಟ್ಟಿಯಿಂದ ಬಿಗಿಯಬೇಕು. ಸುಮಾರು ಹದಿನೈದು ಕಿಲೋಗ್ರಾಂ ತೂಗುವ ತುಂಬಿದ ಡಬ್ಬಿ ಅಲೆಯ ಹೊಡೆತಕ್ಕೆ ಕಳಚಿಕೊಂಡರೆ ಮೊಣಕಾಲನ್ನು ಮುರಿಯಲು ಸಾಕು.

ತೂಕದ ಮಾತು ಬಂದುದರಿಂದ ಅದನ್ನೂ ಹೇಳಿಬಿಡಬೇಕು. ಎಂಟು ಡಬ್ಬಿಗಳ ಭಾರ ಸುಮಾರು 120 ಕಿಲೋಗ್ರಾಂ. ಅಂದರೆ ಟಿಕೆಟ್ಟಿಲ್ಲದ ಇಬ್ಬರು ಸಣಕಲು ಪ್ರಯಾಣಿಕರು. ಅಮೆರಿಕದಲ್ಲಿ 20 ಅಡಿಗಿಂತ ಚಿಕ್ಕದಾದ ಮೋಟಾರು ದೋಣಿಗಳ ಮೇಲೆ ಎಷ್ಟು ಜನ, ಎಷ್ಟು ಭಾರ ಹೊರಬಹುದೆಂದು ತಿಳಿಸುವ ಫಲಕ ಜಡಿದಿರುತ್ತದೆ. ಜನರನ್ನು ಎಣಿಸುವವರು ಡಬ್ಬಿಗಳನ್ನು ಎಣಿಸುವುದಿಲ್ಲ. ಹಿಂಭಾಗದಲ್ಲಿ ಯಂತ್ರದ ಭಾರ ಮೊದಲೇ ಇರುತ್ತದೆ. ಅಲ್ಲಿಯೇ ಡಬ್ಬಿಗಳನ್ನೂ ಪೇರಿಸಿದರೆ ದೋಣಿ ಕುಕ್ಕರಿಸಿ ಕುಳಿತು, ಹಿಂದಿನಿಂದ ಬಂದ ಅಲೆ ಸಲೀಸಾಗಿ ಒಳಗೆ ಕಾಲಿಡುತ್ತದೆ. ಹಿಂಭಾಗ ತಗ್ಗಿದ ದೋಣಿಗೆ ಏನಾಗಬಹುದೆಂಬುದಕ್ಕೆ ಇದೇ ಕ್ಲಿಯರ್‌ವಾಟರಿನ ನೀರು ಸಾಕ್ಷಿ. 2009ರ ಫೆಬ್ರುವರಿ 28ರಂದು 21 ಅಡಿಯ ದೋಣಿಯಲ್ಲಿ ನಾಲ್ವರು ಫುಟ್‌ಬಾಲ್ ಆಟಗಾರ ಗೆಳೆಯರು ದಡದಿಂದ ನೂರು ಕಿಲೋಮೀಟರಿಗೂ ಮಿಕ್ಕ ದೂರ ಹೋಗಿದ್ದರು. ಮರಳುವ ಹೊತ್ತಿಗೆ ಲಂಗರು ತಳದಲ್ಲಿ ಸಿಕ್ಕಿಕೊಂಡಿತು. ಅದರ ಹಗ್ಗವನ್ನು ದೋಣಿಯ ಹಿಂಭಾಗಕ್ಕೆ ಕಟ್ಟಿ ಯಂತ್ರದ ಬಲದಿಂದ ಎಳೆಯಲು ಹೋದಾಗ ಹಿಂಭಾಗ ನೀರಿಗಿಳಿದು ದೋಣಿ ಮಗುಚಿತು. ಕವುಚಿದ ದೋಣಿಯ ಬೆನ್ನಿನ ಮೇಲೆ ಎರಡು ದಿನಗಳಿಗೆ ಸಮೀಪ ಅಂಟಿಕೊಂಡಿದ್ದ ಒಬ್ಬನನ್ನು ಮಾರ್ಚ್ 2ರಂದು ಕರಾವಳಿ ರಕ್ಷಕ ದಳ ಎತ್ತಿಕೊಂಡಿತು. ಉಳಿದ ಮೂವರು ಸಿಗಲಿಲ್ಲ. ಅಲ್ಲಿ ಇಂಧನದ ದೋಷವೇನೂ ಇರಲಿಲ್ಲ. ಸಣ್ಣ ದೋಣಿ ತನ್ನ ಹಿಂಭಾಗದಲ್ಲಿ ಎಷ್ಟು ಭಾರವನ್ನು ತಾಳಬಲ್ಲುದೆಂಬ ಪ್ರಶ್ನೆ ಮಾತ್ರ ಇತ್ತು. ಡಬ್ಬಿಗಳ ಜಾಗ ದೋಣಿಯ ನಡುಭಾಗ, ತಗ್ಗಿನಲ್ಲಿ, ಎರಡು ಪಕ್ಕಕ್ಕೂ ಸಮನಾಗಿ.

ತಂದದ್ದನ್ನು ಒಳತೊಟ್ಟಿಗೆ ಸುರಿಯುವುದು ಯಾವಾಗ? ತೊಟ್ಟಿ ಬರಿದಾಗುವವರೆಗೆ ಕಾಯುವುದು ಸೋಮಾರಿಯ ಲಕ್ಷಣ. ಆ ಹೊತ್ತಿಗೆ ಸಂಜೆಯಾಗಿ ಗಾಳಿಯೆದ್ದಿರುತ್ತದೆ. ಬೆಳಗಿನ ತಿಳಿನೀರಿನಲ್ಲಿ ತೊಟ್ಟಿಯಲ್ಲಿ ಸ್ವಲ್ಪ ಜಾಗವಾದ ಕೂಡಲೇ ಡಬ್ಬಿಗಳನ್ನು ಮೊದಲು ಖಾಲಿಮಾಡಿ ಮೂಲ ತೊಟ್ಟಿಯನ್ನು ಕಾಪಾಡಿಕೊಳ್ಳುವವನು ಬಲ್ಲವನು. ಯಂತ್ರವನ್ನು ನಿಲ್ಲಿಸಿ, ವಿದ್ಯುತ್ ಸ್ವಿಚ್ಚುಗಳನ್ನು ಆರಿಸಿ, ಗೂಡಿನ ಬಾಗಿಲುಗಳನ್ನು ಮುಚ್ಚಿ, ಎಲ್ಲರೂ ಜೀವರಕ್ಷಕ ಅಂಗಿಯನ್ನು ತೊಟ್ಟ ಮೇಲೆ ಸುರಿಯಬೇಕು. ಹದಿನೈದು ಕಿಲೋಗ್ರಾಂ ಭಾರವನ್ನು ತೂಗಾಡುವ ನೆಲದ ಮೇಲೆ ಎದೆಮಟ್ಟಕ್ಕೆತ್ತಿ ಕಿರುಬಾಯಿಗೆ ಗುರಿಯಿಡುವುದಕ್ಕಿಂತ, ತುದಿಯಲ್ಲಿ ತಾಮ್ರದ ಕವಾಟವಿರುವ ಕೊಳವೆಯನ್ನು ಡಬ್ಬಿಯೊಳಗಿಟ್ಟು ನಾಲ್ಕು ಸಲ ಕುಲುಕಿದರೆ ಪೆಟ್ರೋಲ್ ತಾನಾಗಿ ಮೇಲೇರಿ ಇಳಿದು ಹರಿಯುತ್ತದೆ. ಬಾಯಿಯಿಂದ ಹೀರಿ ಎಳೆಯುವ ಹಳೆಯ ಲಾರಿ ಚಾಲಕರ ವಿದ್ಯೆಯನ್ನು ಇಲ್ಲಿ ಮೆರೆಸಬಾರದು. ಶ್ವಾಸಕೋಶಕ್ಕೆ ಹೊಕ್ಕ ಕೆಲವೇ ಹನಿ ಪೆಟ್ರೋಲ್ ಮನುಷ್ಯನನ್ನು ಆಸ್ಪತ್ರೆಗೆ ಸೇರಿಸುತ್ತದೆ, ಆಸ್ಪತ್ರೆಯೋ ನಾಲ್ಕು ಗಂಟೆಯ ದಾರಿ. ಸುರಿದಾದ ಮೇಲೆ ಚೆಲ್ಲಿದ್ದನ್ನು ಒರೆಸಿ, ಮುಚ್ಚಳಗಳನ್ನು ಬಿಗಿದು, ಕೆಲವು ನಿಮಿಷ ಗಾಳಿಯಾಡಲು ಬಿಡಬೇಕು. ಯಂತ್ರ ಒಳಗಿರುವ ದೋಣಿಗಳಲ್ಲಿ ಎಬ್ಬಿಸುವ ಮುನ್ನ ನಾಲ್ಕು ನಿಮಿಷ ಗಾಳಿಯಂತ್ರವನ್ನು ತಿರುಗಿಸಬೇಕೆಂಬ ವಿಧಿಯಿದೆ. ಅದು ಆವಿಯನ್ನು ಹೊರಹಾಕಬಲ್ಲುದೇ ವಿನಾ ಚೆಲ್ಲಿ ನಿಂತ ಪೆಟ್ರೋಲನ್ನಲ್ಲ. ಇಷ್ಟಾಗಿಯೂ ತಳಗುಳಿಯ ಮುಚ್ಚಳವೆತ್ತಿ ಮೂಸಿ ನೋಡುವ ಮೂಗಿಗೆ ಸಮನಾದ ಉಪಕರಣವನ್ನು ಯಾವ ಕಾರ್ಖಾನೆಯೂ ಸಾರಾಸಗಟಾಗಿ ಮಾಡಿಲ್ಲ.

ಹೊರಯಂತ್ರಕ್ಕೆ ನೇರವಾಗಿ ಕೊಳವೆಯಿಂದ ಜೋಡಿಸುವ ಕೈತೊಟ್ಟಿಗಳಿಗೆ ಇನ್ನೊಂದು ಚಾಳಿಯಿದೆ. ಆವಿ ಹೊರಬಂದು ಗಾಳಿ ಕೆಡಬಾರದೆಂಬ ಉದ್ದೇಶದಿಂದ 2011ರಿಂದ ಅಮೆರಿಕದಲ್ಲಿ ತಯಾರಾಗುವ ಕೈತೊಟ್ಟಿಗಳು ಒಂದು ಮಿತಿಯವರೆಗೆ ಒತ್ತಡವನ್ನು ಒಳಗೇ ಹಿಡಿದಿಡಬೇಕೆಂಬ ಕಾನೂನಾಯಿತು. ಬಿಸಿಲಿಗೆ ಇವು ಹಲಸಿನ ಹಣ್ಣಿನಂತೆ ಉಬ್ಬುತ್ತವೆ. ಉಬ್ಬಿದ ತೊಟ್ಟಿ ಕೊಳವೆಯ ಮೂಲಕ ಪೆಟ್ರೋಲನ್ನು ಯಂತ್ರದೊಳಕ್ಕೆ ತಾನಾಗಿ ದೂಡುತ್ತದೆ. ಬಳಸದಿರುವಾಗ ಕೊಳವೆಯನ್ನು ಕಳಚಿಡುವುದು, ಜೋಡಿಸುವ ಮುನ್ನ ಮುಚ್ಚಳವನ್ನು ಮೆಲ್ಲಗೆ ಸಡಿಲಿಸಿ ಒತ್ತಡವನ್ನಿಳಿಸುವುದು ಇದಕ್ಕೆ ಪರಿಹಾರ.

ಡಬ್ಬಿಗಳ ಬದಲಿಗೆ ದಪ್ಪ ಬಟ್ಟೆ ರಬ್ಬರುಗಳಿಂದ ಮಾಡಿದ, ಹಾಸಿಗೆಯಂತೆ ಹಲಗೆಯ ಮೇಲೆ ಹರಡಿಕೊಳ್ಳುವ ಇಂಧನದ ಚೀಲಗಳೂ ಉಂಟು. ಖಾಲಿಯಾದಂತೆ ತಾವೇ ಕುಗ್ಗುವುದರಿಂದ ಒಳಗೆ ಆವಿಗೆ ಎಡೆಯಿಲ್ಲ. ಬೆಲೆ ಕೇಳಿದರೆ ಮಾತ್ರ ಗಾಳಗಾರ ಡಬ್ಬಿಯೇ ಸಾಕೆನ್ನುತ್ತಾನೆ.

ಪೆಟ್ರೋಲಿನಲ್ಲಿ ಈಗ ಎಥನಾಲ್ ಬೆರೆಸುವುದು ಎಲ್ಲ ಕಡೆಯ ರೂಢಿ. ಅಮೆರಿಕದಲ್ಲಿ ಸಾಮಾನ್ಯವಾಗಿ ನೂರಕ್ಕೆ 10, ಭಾರತದಲ್ಲಿ 2025ರ ಹೊತ್ತಿಗೆ ನೂರಕ್ಕೆ 20. ಎಥನಾಲಿಗೆ ನೀರಿನ ಮೋಹ ಬಹಳ. ಅರ್ಧ ತುಂಬಿದ ಡಬ್ಬಿಯನ್ನು ತಿಂಗಳುಗಟ್ಟಲೆ ಇಟ್ಟರೆ ತೇವವನ್ನು ಹೀರಿ, ಕೊನೆಗೆ ನೀರೂ ಎಥನಾಲೂ ಕೂಡಿ ತಳಕ್ಕಿಳಿದು ಬೇರೆಯಾಗುತ್ತವೆ. ಅದನ್ನು ಕುಡಿದ ಯಂತ್ರ ಕೆಮ್ಮಿ ನಿಲ್ಲುತ್ತದೆ. ಕಳೆದ ಋತುವಿನ ಡಬ್ಬಿಯನ್ನು ಈ ಋತುವಿನ ಕಡಲಿಗೆ ಒಯ್ಯುವುದು, ಬುತ್ತಿಯೆಂದು ಹಳಸಿದ ಅನ್ನವನ್ನು ಕಟ್ಟಿಕೊಂಡ ಹಾಗೆ.

ಬೆಂಕಿಯೇ ಹತ್ತಿತೆನ್ನಿ. ಉರಿಯುವ ಪೆಟ್ರೋಲ್ ನೀರಿನ ಮೇಲೆ ತೇಲುತ್ತ ಹರಡುವುದರಿಂದ ಸುತ್ತಲೂ ಕಡಲಿದ್ದರೂ ಬಕೀಟಿನಿಂದ ಪ್ರಯೋಜನವಿಲ್ಲ. ಅದಕ್ಕೆ ಪುಡಿಯ ಆರಿಸುಬುಡ್ಡಿ ಬೇಕು, ಮತ್ತು ಅದು ಡಬ್ಬಿಗಳ ಪಕ್ಕದಲ್ಲಿರಬಾರದು. ಬೆಂಕಿಯನ್ನು ದಾಟಿ ಹೋಗಿ ಬುಡ್ಡಿಯನ್ನು ತರಲು ಯಾರಿಗೆ ಸಾಧ್ಯ? 2022ರ ಏಪ್ರಿಲ್ 20ರಿಂದ ಅಮೆರಿಕದ ನಿಯಮದಂತೆ, ಒಮ್ಮೆ ಬಳಸಿ ಬಿಸಾಡುವ ಬಗೆಯ ಬುಡ್ಡಿ ತಯಾರಾಗಿ 12 ವರ್ಷ ಕಳೆದಿದ್ದರೆ ಅದನ್ನು ಬುಡ್ಡಿಯೆಂದೇ ಎಣಿಸುವುದಿಲ್ಲ. ಇಂಧನ ತೀರಿ ತೇಲಿದವನಿಗೂ ಬೆಂಕಿಗೆ ಅಂಜಿ ಹಾರಿದವನಿಗೂ ಕೊನೆಯ ಆಸರೆ ರೇಡಿಯೋ: ಹದಿನಾರನೆಯ ಚಾನೆಲ್ಲಿನಲ್ಲಿ ಕೂಗಿದರೆ ಕೇಳುವ ಕಿವಿಗಳಿರುತ್ತವೆ. ಹೊರಡುವ ಮುನ್ನ ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಮನೆಯಲ್ಲಿ ಬರೆದಿಟ್ಟು ಬಂದಿದ್ದರೆ, ಕೂಗಲಾಗದಿದ್ದರೂ ಹುಡುಕುವವರು ಹೊರಡುತ್ತಾರೆ.

ಸಂಜೆ ದೋಣಿ ಮರಳಿ ಕಟ್ಟೆಗೆ ತಗುಲಿದ ಮೇಲೆ ಮೀನಿನ ಪೆಟ್ಟಿಗೆಯನ್ನು ಇಳಿಸಿ ಡಬ್ಬಿಗಳನ್ನು ಮರೆಯುವುದು ಸಾಮಾನ್ಯ. ತುಂಬಿದ ಡಬ್ಬಿ ಮಿಕ್ಕಿದ್ದರೆ ಅದನ್ನು ಇಳಿಸಿ, ನೆಲದ ಮೇಲೆಯೇ ನಿಂತು, ಮನೆಗೆ ಹೋಗುವ ಕಾರಿನ ತೊಟ್ಟಿಗೆ ಸುರಿದುಬಿಡುವುದು ಲೇಸು. ಖಾಲಿ ಡಬ್ಬಿಯನ್ನು ನಿರುಪದ್ರವಿಯೆಂದು ಬಗೆದು ಮುಚ್ಚಳವಿಲ್ಲದೆ ಕಾರಿನ ಹಿಂಗೂಡಿನಲ್ಲಿ ಎಸೆಯುವವರಿಗೆ ತಿಳಿಯದ ಸಂಗತಿಯೊಂದಿದೆ. ತುಂಬಿದ ಡಬ್ಬಿಯೊಳಗೆ ಆವಿ ದಟ್ಟವಾಗಿ, ಗಾಳಿ ಸಾಲದೆ, ಉರಿ ಒಳಹೊಗುವುದು ಕಷ್ಟ. ತಳದಲ್ಲಿ ಒಂದೆರಡು ಚಮಚ ಉಳಿದ ಖಾಲಿ ಡಬ್ಬಿಯಲ್ಲಿಯೇ ಗಾಳಿಯೂ ಆವಿಯೂ ಸಿಡಿಯುವ ಪ್ರಮಾಣದಲ್ಲಿ ಬೆರೆಯುವ ಸಂಭವ ಹೆಚ್ಚು. ಅದಕ್ಕೂ ಮುಚ್ಚಳ ಬಿಗಿದು, ಮನೆಯೊಳಗಲ್ಲದೆ ಹೊರಗಿನ ಗಾಳಿಯಾಡುವ ಕೊಟ್ಟಿಗೆಯಲ್ಲಿ, ಒಲೆಗೂ ನೀರು ಕಾಯಿಸುವ ಹಂಡೆಗೂ ದೂರವಾಗಿ ಇಡಬೇಕು.